ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರುವ ಹೊಸಬರಿಗೆ ಯಾವ ಡೆಸ್ಕ್‌ಟಾಪ್ ಸೂಕ್ತ?

ಪ್ರೌಢಶಾಲಾ ಶಿಕ್ಷಕಿ, ಕುಷ್ಟಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಈಗಲೂ ವಿಂಡೋಸ್ 10 ಇದೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಸಿಗುತ್ತದೆಂದು ತಿಳಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ನಮ್ಮ ಯಂತ್ರದಲ್ಲಿರುವುದು ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್, ಅದಕ್ಕೆ ಬೇಕಾದದ್ದು ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು. 4 ಜಿಬಿ ರ‍್ಯಾಮ್ ಇದೆ, ಡಿಸ್ಕ್ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲ.

ನಾನು ಇದರಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಮತ್ತು ಅಂಕಪಟ್ಟಿ ತಯಾರಿಸುತ್ತೇನೆ. ಎಂಟನೆಯ ತರಗತಿಯಲ್ಲಿರುವ ಮಗ ಪಾಠದ ವಿಡಿಯೋ ನೋಡುತ್ತಾನೆ. ಅತ್ತೆಯವರಿಗೆ ಸಂಜೆ ಪ್ರವಚನ ಕೇಳುವ ರೂಢಿ. ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಲಿನಕ್ಸ್ ಹಾಕಿಕೊಳ್ಳಿ ಎಂದು ಹಲವರು ಹೇಳಿದರು, ಆದರೆ ಯಾವುದೆಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು: ಸಿನಮನ್, ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಮಾಟೆ. ಒಳಗಿನ ಲಿನಕ್ಸ್ ಹೆಚ್ಚುಕಡಿಮೆ ಒಂದೇ ಆಗಿದ್ದು, ಇವೆಲ್ಲ ಅದರ ಮೇಲೆ ಕೂರುವ ಬೇರೆ ಬೇರೆ ಡೆಸ್ಕ್‌ಟಾಪ್‌ಗಳೆಂಬುದು ಅರ್ಥವಾಗಿದೆ. ಪ್ರತಿ ಸಣ್ಣ ಕೆಲಸಕ್ಕೂ ನನ್ನನ್ನು ಕರೆಯದೆ ಮನೆಯವರು ತಾವೇ ಬಳಸಿಕೊಳ್ಳುವಂತಹದ್ದು ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕು.

ಕಂಪ್ಯೂಟರ್ ದುರಸ್ತಿ ಕೆಲಸ, ಬಳ್ಳಾರಿ

ಮೇಡಂ, ನಮ್ಮ ಅಂಗಡಿಗೆ ಈಚೆಗೆ ಬರುವ ಹಳೆಯ ಯಂತ್ರಗಳಲ್ಲಿ ಬಹುಪಾಲು ನಿಮ್ಮದರಂತಹವೇ. ನಾನು ಹೊಸಬರಿಗೆ ಹಾಕಿಕೊಡುವುದು ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಆವೃತ್ತಿ. ಯಂತ್ರದ ಶಕ್ತಿ ನೋಡಿ ಸಿನಮನ್ ಅಥವಾ ಎಕ್ಸ್‌ಎಫ್‌ಸಿಇ. ಇದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಿಂಡೋಸ್ ಬಳಸಿದವರ ಕಣ್ಣು ಮೊದಲು ಹೋಗುವುದು ಪರದೆಯ ಕೆಳಗಿನ ಎಡಮೂಲೆಗೆ. ಅಲ್ಲಿ ಮೆನು ಇರಬೇಕು, ತೆರೆದ ಕಿಟಕಿಗಳ ಹೆಸರು ಕೆಳಗಿನ ಪಟ್ಟಿಯಲ್ಲಿ ಕಾಣಬೇಕು, ಬಲಮೂಲೆಯಲ್ಲಿ ಗಡಿಯಾರ ಮತ್ತು ವೈಫೈ ಇರಬೇಕು. ಸಿನಮನ್‌ನಲ್ಲಿ ಇವೆಲ್ಲ ಅದೇ ಜಾಗದಲ್ಲಿವೆ. ಗ್ನೋಮ್‌ನ ಮೂಲ ರೂಪದಲ್ಲಿ ಕೆಳಗಿನ ಪಟ್ಟಿ ಇಲ್ಲ, ಡೆಸ್ಕ್‌ಟಾಪಿನ ಮೇಲೆ ಐಕಾನ್‌ಗಳಿಲ್ಲ, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಇಲ್ಲ. ಉಬುಂಟು ಎಂಬ ಇನ್ನೊಂದು ಲಿನಕ್ಸ್ ಆವೃತ್ತಿಯವರು ಅದಕ್ಕೆ ಎಡಗಡೆ ಒಂದು ಪಟ್ಟಿಯನ್ನೂ ಆ ಗುಂಡಿಗಳನ್ನೂ ಸೇರಿಸಿ ಕೊಡುತ್ತಾರೆ. ಗ್ನೋಮ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಿಂಡೋಸ್ ಗುರುತಿನ ಕೀಲಿ ಒತ್ತಿ, ಬೇಕಾದುದರ ಹೆಸರು ಟೈಪಿಸಿ ತೆರೆಯುವ ಅಭ್ಯಾಸ ಇದ್ದವರಿಗೆ ಅದು ಬಹಳ ಚುರುಕಾದ ವ್ಯವಸ್ಥೆ. ಆದರೆ ನಿಮ್ಮ ಅತ್ತೆಯವರು ಹೆಸರು ಟೈಪಿಸಿ ತೆರೆಯುವವರಲ್ಲ, ಕಣ್ಣಿಗೆ ಕಂಡ ಚಿತ್ರವನ್ನು ಒತ್ತುವವರು.

ಹೊಸ ರೂಪಕ್ಕೆ ಹೊಂದಿಕೊಳ್ಳಲಾಗದವರು ದಡ್ಡರೆಂಬಂತೆ ಕೆಲವರು ಮಾತನಾಡುತ್ತಾರೆ, ಅದು ತಪ್ಪು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗ ವರ್ಷಗಟ್ಟಲೆ ಲಿನಕ್ಸ್ ಬಳಸಿದ ನುರಿತವರೇ ಹಳೆಯ ಮೆನು, ಹಳೆಯ ಪಟ್ಟಿ ಬೇಕೆಂದು ಪಟ್ಟು ಹಿಡಿದರು. ಆ ಹಿಂದಿನ ಗ್ನೋಮ್ 2ನ್ನು ಹಾಗೆಯೇ ಮುಂದುವರಿಸಲು ಹುಟ್ಟಿದ್ದು ಮಾಟೆ. ಗ್ನೋಮ್ 3ರ ಒಳಗಿನ ತಂತ್ರವನ್ನು ಇಟ್ಟುಕೊಂಡು ಮೇಲಿನ ರೂಪವನ್ನು ಹಳೆಯ ಕ್ರಮಕ್ಕೆ ತಂದದ್ದು ಮಿಂಟ್ ತಂಡದ ಸಿನಮನ್. ಕೈಗೆ ಹತ್ತಿದ ರೂಢಿಯನ್ನು ಉಳಿಸಲೆಂದೇ ಹುಟ್ಟಿದ ಡೆಸ್ಕ್‌ಟಾಪ್‌ಗಳಿವು, ಆದ್ದರಿಂದ ರೂಢಿ ಬದಲಿಸಲು ಹೆದರುವವರಿಗೆ ಇವನ್ನು ಕೊಡುವುದು ನ್ಯಾಯವಾದದ್ದು.

ಈಗ ನಿಮ್ಮ ಯಂತ್ರದ ಮಾತು. ಮಿಂಟ್‌ನವರು ಹೇಳುವ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್, ಆರಾಮಾಗಿ ಬಳಸಲು 4 ಜಿಬಿ. ಆದರೆ ರ‍್ಯಾಮ್ ತಿನ್ನುವುದು ಡೆಸ್ಕ್‌ಟಾಪಿಗಿಂತ ಹೆಚ್ಚಾಗಿ ಬ್ರೌಸರ್. ವಿಡಿಯೋ ಒಂದು ಕಡೆ, ಮೇಲ್ ಒಂದು ಕಡೆ ತೆರೆದರೆ ಸಾಕು, ನಾವು ಯಾವ ಡೆಸ್ಕ್‌ಟಾಪ್ ಆರಿಸಿ ಉಳಿಸಿದ್ದೆಲ್ಲವೂ ಅಲ್ಲೇ ಹೋಗುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ. ಅಷ್ಟಾದರೆ ಸಿನಮನ್ ಸಲೀಸಾಗಿ ನಡೆಯುತ್ತದೆ. ಏನೂ ಸೇರಿಸಲಾಗದಿದ್ದರೆ ಎಕ್ಸ್‌ಎಫ್‌ಸಿಇ ಹಾಕಿ. ಅದು 1996ರಿಂದ ನಡೆದುಬಂದ ಯೋಜನೆ, ನೋಟಕ್ಕೆ ಸರಳ, ತೂಕ ಕಡಿಮೆ.

ಇನ್ನೊಂದು ವಿಷಯವನ್ನು ನಮ್ಮ ಭಾಗದ ಬಿಸಿಲಿನ ಕಾರಣಕ್ಕೆ ಹೇಳಬೇಕು. ಗ್ರಾಫಿಕ್ಸ್ ಚಿಪ್‌ಗೆ ಸರಿಯಾದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಸಿಗದಿದ್ದರೆ ಸಿನಮನ್ ತನ್ನ ಚಿತ್ರದ ಕೆಲಸವನ್ನೆಲ್ಲ ಪ್ರೊಸೆಸರ್ ಮೇಲೆ ಹಾಕುತ್ತದೆ ಮತ್ತು ಹಾಗೆಂದು ಒಂದು ಸೂಚನೆಯನ್ನೂ ತೋರಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಕೋಣೆಯೊಳಗೆ ಆ ಸ್ಥಿತಿಯಲ್ಲಿ ಯಂತ್ರ ನಡೆಸಿದರೆ ಫ್ಯಾನಿನ ಸದ್ದು ನಿಲ್ಲುವುದೇ ಇಲ್ಲ. ಇಂಟೆಲ್‌ನ ಚಿಪ್ ಆದ್ದರಿಂದ ನಿಮಗೆ ಈ ತೊಂದರೆ ಬರಲಾರದು, ಆದರೂ ಸೂಚನೆ ಕಂಡರೆ ಅಲಕ್ಷ್ಯ ಮಾಡಬೇಡಿ.

ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಅಣ್ಣಾವರು ಹೇಳಿದ್ದರಲ್ಲಿ ಬಹಳಷ್ಟನ್ನು ಒಪ್ಪುತ್ತೇನೆ, ಆದರೆ ಕೆಡಿಇ ಪ್ಲಾಸ್ಮಾವನ್ನು ಮಾತಿಗೂ ತೆಗೆದುಕೊಳ್ಳದೆ ಬಿಟ್ಟದ್ದು ಸರಿಯೆನಿಸಲಿಲ್ಲ. ಪ್ಲಾಸ್ಮಾ ತಯಾರಿಸುವ ಕೆಡಿಇ ಯೋಜನೆ ಆರಂಭವಾದದ್ದು 1996ರ ಅಕ್ಟೋಬರ್ 14ರಂದು. ವಿಂಡೋಸ್ 10ರ ಬೆಂಬಲ ಮುಗಿದದ್ದೂ ಅದೇ ತಾರೀಖಿನಂದು ಎಂಬುದು ಕಾಕತಾಳೀಯ. ಪ್ಲಾಸ್ಮಾದಲ್ಲಿಯೂ ಕೆಳಗಿನ ಪಟ್ಟಿ, ಎಡಮೂಲೆಯ ಮೆನು, ಬಲಮೂಲೆಯ ಗಡಿಯಾರ ಎಲ್ಲವೂ ವಿಂಡೋಸ್ ಮಾದರಿಯಲ್ಲೇ ಇವೆ. ಅದು ಭಾರವೆಂಬ ಮಾತು ಹಳೆಯ ಕಾಲದ್ದು, ಈಗ ಅದರ ಮೆಮೊರಿ ಬಳಕೆ ಸಿನಮನ್‌ಗೆ ಹತ್ತಿರದಲ್ಲೇ ಇದೆ. ಮೊದಲು ಫೋಲ್ಡರ್ ಒಂದೇ ಕ್ಲಿಕ್‌ಗೆ ತೆರೆದುಕೊಂಡು ಹೊಸಬರು ಗಾಬರಿಯಾಗುತ್ತಿದ್ದರು. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಿಂದ ಆರಂಭದಲ್ಲೇ ಎರಡು ಕ್ಲಿಕ್‌ನ ಕ್ರಮ ಇರುತ್ತದೆ.

ಮುಖ್ಯವಾಗಿ ಹೊಸ ಲ್ಯಾಪ್‌ಟಾಪ್ ಇದ್ದವರು, ಎರಡು ಮಾನಿಟರ್ ಜೋಡಿಸುವವರು, ಪರದೆಯ ಅಕ್ಷರವನ್ನು ನೂರಾ ಇಪ್ಪತ್ತೈದು ಶೇಕಡಾದಂತಹ ನಡುವಿನ ಅಳತೆಗೆ ಹಿಗ್ಗಿಸಬೇಕಾದವರು ಪ್ಲಾಸ್ಮಾ ನೋಡಲೇಬೇಕು. ವೇಲ್ಯಾಂಡ್ ಎಂಬ ಹೊಸ ಚಿತ್ರವ್ಯವಸ್ಥೆಯ ಮೇಲೆ ಅದು ಈಗಾಗಲೇ ಗಟ್ಟಿಯಾಗಿ ನಿಂತಿದೆ, ಸಿನಮನ್‌ನಲ್ಲಿ ಅದಿನ್ನೂ ಪ್ರಯೋಗದ ಹಂತದಲ್ಲಿದೆ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿರುವುದು ಪ್ಲಾಸ್ಮಾವೇ, ಮತ್ತು ಬೇಕಾದಂತೆ ತಿದ್ದಿಕೊಳ್ಳುವ ಅಷ್ಟು ಸ್ವಾತಂತ್ರ್ಯ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಕಂಪ್ಯೂಟರ್ ದುರಸ್ತಿ ಕೆಲಸ, ಬಳ್ಳಾರಿ

ತಮ್ಮಾ, ನೀನು ಹೇಳಿದ ಗುಣಗಳೆಲ್ಲ ನಿಜ. ಆದರೆ ನೀನು ಸ್ವಾತಂತ್ರ್ಯವೆಂದು ಕರೆದದ್ದೇ ಈ ಮನೆಗೆ ನನಗಿರುವ ಆತಂಕ. ಪ್ಲಾಸ್ಮಾದಲ್ಲಿ ಬಲ ಕ್ಲಿಕ್ ಮಾಡಿ ತಿದ್ದುವ ಸ್ಥಿತಿಗೆ ಹೋದರೆ ಕೆಳಗಿನ ಪಟ್ಟಿಯನ್ನು ಜರುಗಿಸಬಹುದು, ಅಳಿಸಿಯೂ ಬಿಡಬಹುದು. ಎಂಟನೆಯ ತರಗತಿಯ ಹುಡುಗ ಅದನ್ನು ಮಾಡದೆ ಬಿಡುವುದಿಲ್ಲ, ಆಮೇಲೆ ಅಜ್ಜಿ ಮೆನು ಎಲ್ಲಿ ಹೋಯಿತೆಂದು ಹುಡುಕಬೇಕು. ಸಿನಮನ್‌ನಲ್ಲಿ ಪಟ್ಟಿಯನ್ನು ತಿದ್ದುವ ಸ್ಥಿತಿಯನ್ನು ಬೇಕೆಂದೇ ಚಾಲೂ ಮಾಡದ ಹೊರತು ಅದರ ಮೇಲಿನ ವಸ್ತುಗಳನ್ನು ಎಳೆದು ಜರುಗಿಸಲು ಬರುವುದಿಲ್ಲ.

ಬೆಂಬಲದ ಅವಧಿಯನ್ನೂ ನೋಡಬೇಕು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಉಬುಂಟು 24.04ಕ್ಕೂ ಐದು ವರ್ಷ ಇದೆ, ಆದರೆ ಅದರದ್ದೇ ಪ್ಲಾಸ್ಮಾ ರೂಪವಾದ ಕುಬುಂಟು 24.04ಕ್ಕೆ ಮೂರೇ ವರ್ಷ. ಒಮ್ಮೆ ಹಾಕಿಸಿ ನೆಮ್ಮದಿಯಾಗಿ ಇರಬೇಕೆನ್ನುವವರಿಗೆ ಈ ವ್ಯತ್ಯಾಸ ದೊಡ್ಡದು.

ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ, ಸಿಂಧನೂರು

ಇಷ್ಟು ಹೊತ್ತು ಮೆನು, ಪಟ್ಟಿ, ಮೆಮೊರಿಯ ಮಾತಾಯಿತು. ಪ್ರಶ್ನೆ ಕೇಳಿದ ಮೇಡಂ ಮೊದಲ ಬರಹದಲ್ಲೇ ಕನ್ನಡ ಪ್ರಶ್ನೆಪತ್ರಿಕೆ ಎಂದಿದ್ದಾರೆ, ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಡೆಸ್ಕ್‌ಟಾಪ್ ಆರಿಸುವ ಮೊದಲ ಪರೀಕ್ಷೆ ಕನ್ನಡ ಟೈಪಿಂಗ್. ಅದರಲ್ಲಿ ಪಾಸಾಗದ ಡೆಸ್ಕ್‌ಟಾಪ್ ಎಷ್ಟು ಅಂದವಾಗಿದ್ದರೂ ನಮಗೆ ಉಪಯೋಗವಿಲ್ಲ.

ಕೀಲಿಮಣೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡವನ್ನು ಸೇರಿಸಿದರೆ ಸಾಮಾನ್ಯವಾಗಿ ಬರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದೇ ಪಟ್ಟಿಯಲ್ಲಿ ಕಗಪ ಎಂಬ ಇನ್ನೊಂದು ವಿನ್ಯಾಸವೂ ಕಾಣುತ್ತದೆ, ಅದನ್ನು ಆರಿಸಿ ವಿಂಡೋಸ್‌ನ ನುಡಿ ತಂತ್ರಾಂಶದಂತೆ ಟೈಪಿಸಲು ಹೋದವರು ನಿರಾಶರಾಗುತ್ತಾರೆ. ಯಾಕೆಂದರೆ ಆ ವ್ಯವಸ್ಥೆಯಲ್ಲಿ ಒಂದು ಕೀಲಿಗೆ ಒಂದು ಚಿಹ್ನೆ ಎಂಬ ನೇರ ಲೆಕ್ಕ ಮಾತ್ರ ಇದೆ, ಹಿಂದೆ ಯಾವ ಅಕ್ಷರ ಬಂದಿದೆ ಎಂದು ನೋಡಿಕೊಂಡು ಸ್ವರವನ್ನು ಗುಣಿತವಾಗಿಸುವ ಜಾಣ್ಮೆ ಇಲ್ಲ. ನುಡಿ ರೂಢಿಯಾದವರು ಐಬಸ್ ಎಂಬ ತಂತ್ರಾಂಶವನ್ನೂ ಅದಕ್ಕೆ ಎಂ17ಎನ್ ಎಂಬ ಕಡತಗಳ ಕಟ್ಟನ್ನೂ ಹಾಕಿಕೊಳ್ಳಬೇಕು. ಅದರ ಕನ್ನಡ ಪಟ್ಟಿಯಲ್ಲಿ ಬರುವ ಕಗಪ ವಿನ್ಯಾಸ ನಮ್ಮ ಬೆರಳಿಗೆ ಪರಿಚಿತವಾದದ್ದು. ವಿಂಡೋಸ್ ಗುರುತಿನ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಬದಲಾಗುತ್ತದೆ.

ಇದು ಎಲ್ಲ ಡೆಸ್ಕ್‌ಟಾಪಿನಲ್ಲೂ ನಡೆಯುತ್ತದೆ, ಆದರೆ ಹೊಂದಿಸುವ ಶ್ರಮ ಒಂದೇ ಅಲ್ಲ. ಗ್ನೋಮ್‌ನಲ್ಲಿ ಐಬಸ್ ಸೆಟ್ಟಿಂಗ್‌ನ ಒಳಗೇ ಬೆರೆತಿದೆ, ಎಲ್ಲಕ್ಕಿಂತ ಸುಲಭ. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್ ಎಂಬ ಕಡೆ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮರಳಿ ಬರಬೇಕು. ಪ್ಲಾಸ್ಮಾ 6ರಲ್ಲಿ ವೇಲ್ಯಾಂಡ್ ಇದ್ದಾಗ ವರ್ಚುವಲ್ ಕೀಬೋರ್ಡ್ ಎಂಬ ಸೆಟ್ಟಿಂಗ್‌ಗೆ ಹೋಗಿ ಐಬಸ್ ಆರಿಸಬೇಕು. ಟೈಪಿಂಗ್ ವಿಷಯ ಆ ಹೆಸರಿನಡಿ ಇರುತ್ತದೆಂದು ಹೊಸಬರಿಗೆ ಹೊಳೆಯುವುದು ಕಷ್ಟ. ಹೊಂದಿಸಿದ ಮೇಲೆ ಲಿಬ್ರೆಆಫೀಸ್‌ನಲ್ಲಿ, ಬ್ರೌಸರ್‌ನಲ್ಲಿ ಮತ್ತು ಒಂದು ಫೋಲ್ಡರಿಗೆ ಹೆಸರಿಡುವಾಗ, ಮೂರೂ ಕಡೆ, "ಅರ್ಜಿ", "ರಾಷ್ಟ್ರ", "ಕುಷ್ಟಗಿ" ಎಂದು ಟೈಪಿಸಿ ನೋಡಿ. ಅರ್ಕಾವತ್ತು ಜಿ ಅಕ್ಷರದ ನಂತರ ನಿಲ್ಲಬೇಕು, ರಾಷ್ಟ್ರದ ಒತ್ತುಗಳು ಒಂದರ ಕೆಳಗೊಂದು ಅಂಟದೆ ಬಿಡಿಯಾಗಿ ಓದಲು ಬರಬೇಕು. ಅಕ್ಷರ ತೆಳ್ಳಗೆ ಅಥವಾ ಒತ್ತೊತ್ತಾಗಿ ಕಂಡರೆ ಫಾಂಟ್ ಬದಲಿಸಿ. ಲೋಹಿತ್, ಗುಬ್ಬಿ, ನವಿಲು, ನೋಟೋ ಈ ನಾಲ್ಕೂ ಉಚಿತವಾಗಿ ಸಿಗುತ್ತವೆ.

ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತ) ಇಲ್ಲದಿರಬಹುದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ತೆಗೆಯುವ ಮೊದಲೇ ಆ ಫಾಂಟ್ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಓದಲು ಬರುತ್ತದೆ. ಮುಂದೆ ಬೇಕಾಗುವವನ್ನು ನಿಧಾನವಾಗಿ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಅಕ್ಕಿ ಗಿರಣಿಯ ಲೆಕ್ಕಿಗ, ಗಂಗಾವತಿ

ಮೇಡಂ ಅವರ ಮನೆಗೆ ಇದು ಅನ್ವಯಿಸದಿರಬಹುದು, ಆದರೆ ಓದುತ್ತಿರುವ ಇತರರಿಗಾಗಿ ಬರೆಯುತ್ತಿದ್ದೇನೆ. ಟ್ಯಾಲಿ ವಿಂಡೋಸ್‌ಗಾಗಿಯೇ ಇರುವ ತಂತ್ರಾಂಶ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ ಇಂತಹವುಗಳ ಡ್ರೈವರ್ ಕೂಡ ಹಲವು ಸಲ ವಿಂಡೋಸ್‌ಗೆ ಮಾತ್ರ ಸಲೀಸಾಗಿ ಸಿಗುತ್ತದೆ. ಯಾವ ಡೆಸ್ಕ್‌ಟಾಪ್ ಆರಿಸಿದರೂ ಈ ಕೊರತೆ ನೀಗುವುದಿಲ್ಲ. ಪ್ರಿಂಟರಿನ ಮಾತೂ ಹಾಗೆಯೇ, ನಿಮ್ಮಲ್ಲಿರುವ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅಂತಹ ಕೆಲಸ ಇರುವವರು ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದು. ಆಗ ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಬಂದ್ ಮಾಡಿಡಿ. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅದರ ಭಾಗದಲ್ಲಿರುವ ಕಡತಗಳು ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತವೆ, ಬದಲಿಸಲು ಬರುವುದಿಲ್ಲ.

ನಿವೃತ್ತ ಗ್ರಂಥಪಾಲಕ, ಮಾನ್ವಿ

ಸಣ್ಣ ಅಕ್ಷರ ಕಾಣದ ಹಿರಿಯರ ಬಗ್ಗೆ ಒಂದು ಮಾತು. ನನ್ನ ಕಣ್ಣೂ ಈಗ ಮೊದಲಿನಂತಿಲ್ಲ, ಹಾಗಾಗಿ ಈ ವಿಷಯದಲ್ಲಿ ನನಗೆ ಕಾಳಜಿ ಹೆಚ್ಚು. ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸಿನ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಇಡೀ ಪರದೆ ಹಿಗ್ಗುತ್ತದೆ, ಮೌಸ್ ಹೋದ ಕಡೆ ನೋಟವೂ ಹೋಗುತ್ತದೆ, ಗಾಲಿಯನ್ನು ಹಿಂದಕ್ಕೆ ತಿರುಗಿಸಿದರೆ ಮೊದಲಿನಂತಾಗುತ್ತದೆ. ಯಾವ ಸೆಟ್ಟಿಂಗ್ ತೆರೆಯುವ ಅಗತ್ಯವೂ ಇಲ್ಲ. ಯಂತ್ರ ಹಗುರಾಗಲೆಂದು ಎಕ್ಸ್‌ಎಫ್‌ಸಿಇಯ ಕಂಪೋಸಿಟರ್ (ಕಿಟಕಿಗಳ ಚಿತ್ರವನ್ನು ಜೋಡಿಸಿ ತೋರಿಸುವ ಭಾಗ) ಬಂದ್ ಮಾಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಈ ಅನುಕೂಲವೂ ಹೋಗುತ್ತದೆ, ದಯವಿಟ್ಟು ಬಂದ್ ಮಾಡಬೇಡಿ. ಸಿನಮನ್‌ನಲ್ಲಿಯೂ ಇದೇ ಬಗೆಯ ಹಿಗ್ಗಿಸುವ ವ್ಯವಸ್ಥೆ ಇದೆ, ಆದರೆ ಆಕ್ಸೆಸಿಬಿಲಿಟಿ ಎಂಬ ಕಡೆ ಹೋಗಿ ಒಮ್ಮೆ ಚಾಲೂ ಮಾಡಬೇಕು.

ದೃಷ್ಟಿ ತೀರ ಕಡಿಮೆ ಇದ್ದವರಿಗೆ ನಾನು ಗ್ನೋಮ್ ಅಥವಾ ಮಾಟೆಯನ್ನೇ ಹೇಳುತ್ತೇನೆ. ಪರದೆಯ ಮೇಲಿನದನ್ನು ಓದಿ ಹೇಳುವ ಓರ್ಕಾ ತಂತ್ರಾಂಶ ಅವುಗಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಗ್ನೋಮ್‌ನಲ್ಲಿ ವಿಂಡೋಸ್ ಕೀಲಿ, ಆಲ್ಟ್ ಮತ್ತು ಎಸ್ ಅನ್ನು ಒಟ್ಟಿಗೆ ಒತ್ತಿದರೆ ಅದು ಚಾಲೂ ಆಗುತ್ತದೆ. ಇಸ್ಪೀಕ್ ಎಂಬ ಧ್ವನಿವ್ಯವಸ್ಥೆಯಲ್ಲಿ ಕನ್ನಡವೂ ಇದೆ. ಧ್ವನಿ ಯಾಂತ್ರಿಕವಾಗಿದ್ದರೂ ಓದುವುದು ಅರ್ಥವಾಗುತ್ತದೆ. ಇಲ್ಲಿ ಗ್ನೋಮ್ ಬೇಡವೆಂದ ಸ್ನೇಹಿತರು ಈ ಒಂದು ಕಾರಣಕ್ಕಾದರೂ ಅದನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು.

ಪ್ರೌಢಶಾಲಾ ಶಿಕ್ಷಕಿ, ಕುಷ್ಟಗಿ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ನನ್ನ ತಮ್ಮ ಒಂದು ಪೆನ್‌ಡ್ರೈವ್‌ಗೆ ವೆಂಟಾಯ್ ಎಂಬ ತಂತ್ರಾಂಶ ಹಾಕಿ, ಮಿಂಟ್‌ನ ಸಿನಮನ್, ಮಿಂಟ್‌ನ ಎಕ್ಸ್‌ಎಫ್‌ಸಿಇ ಮತ್ತು ಕುಬುಂಟು ಮೂರರ ಕಡತಗಳನ್ನೂ ಅದರೊಳಗೆ ನಕಲು ಮಾಡಿಕೊಟ್ಟ. ಯಂತ್ರ ಚಾಲೂ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿ, ಡಿಸ್ಕಿಗೆ ಏನನ್ನೂ ಹಾಕದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದೆಂಬುದು ನನಗೆ ಬಹಳ ಧೈರ್ಯ ಕೊಟ್ಟಿತು. ನನ್ನಂತೆ ಹಿಂಜರಿಯುವ ಇತರ ಶಿಕ್ಷಕರು ಇದನ್ನೇ ಮೊದಲು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಏನೂ ಹೇಳಿಕೊಡದೆ ಅತ್ತೆಯವರನ್ನು ಕೂರಿಸಿದೆ. ಸಿನಮನ್‌ನಲ್ಲಿ ಬ್ರೌಸರಿನ ಚಿತ್ರವನ್ನು ಅವರೇ ಗುರುತಿಸಿ ಪ್ರವಚನ ಹಾಕಿಕೊಂಡರು. ಎಕ್ಸ್‌ಎಫ್‌ಸಿಇಯಲ್ಲಿಯೂ ಅಡಚಣೆ ಆಗಲಿಲ್ಲ, ಮತ್ತು ಗ್ರಂಥಪಾಲಕರು ಹೇಳಿದ ಗಾಲಿಯ ಉಪಾಯ ಅವರಿಗೆ ಎಷ್ಟು ಹಿಡಿಸಿತೆಂದರೆ ಪಂಚಾಂಗದ ಸಣ್ಣ ಅಕ್ಷರಗಳನ್ನೂ ಹಾಗೆಯೇ ಹಿಗ್ಗಿಸಿ ಓದಿದರು. ಮಗನಿಗೆ ಪ್ಲಾಸ್ಮಾ ಇಷ್ಟವಾಯಿತು, ಆದರೆ ದುರಸ್ತಿಯ ಅಣ್ಣಾವರು ಊಹಿಸಿದಂತೆ ಕೆಳಗಿನ ಪಟ್ಟಿಯನ್ನು ಪರದೆಯ ಮೇಲಕ್ಕೆ ಒಯ್ದುಬಿಟ್ಟ. ಸದ್ಯ ಎಸ್‌ಎಸ್‌ಡಿ ಮಾತ್ರ ಹಾಕಿಸಿ, ರ‍್ಯಾಮ್ 4 ಜಿಬಿಯಲ್ಲೇ ಇಟ್ಟು, ಎಕ್ಸ್‌ಎಫ್‌ಸಿಇ ಎಂದು ನಿರ್ಧರಿಸಿದ್ದೇವೆ. ಐಬಸ್‌ನ ಕಗಪದಲ್ಲಿ ಟೈಪಿಂಗ್ ಸರಿಯಾಗಿ ಬರುತ್ತಿದೆ, ಅರ್ಕಾವತ್ತು ತನ್ನ ಜಾಗದಲ್ಲೇ ಇದೆ.

ಎರಡು ಸಂದೇಹಗಳು ಉಳಿದಿವೆ. ಮುಂದೆ ರ‍್ಯಾಮ್ ಸೇರಿಸಿದಾಗ ಇದರ ಮೇಲೆಯೇ ಸಿನಮನ್ ಹಾಕಿಕೊಳ್ಳಬಹುದೇ? ಶಾಲೆಯ ಲ್ಯಾಬಿನಲ್ಲಿಯೂ ಇದೇ ರೀತಿ ಮಾಡುವ ಆಸೆಯಿದೆ. ಅಲ್ಲಿ ಒಂದು ಯಂತ್ರಕ್ಕೆ ದಿನವೂ ಹಲವು ಮಕ್ಕಳು ಕೂರುತ್ತಾರೆ, ಪಟ್ಟಿ ಜರುಗಿಸುವುದನ್ನು, ಹಿನ್ನೆಲೆ ಚಿತ್ರ ಬದಲಿಸುವುದನ್ನು ತಡೆಯುವುದು ಹೇಗೆ?

ಕಂಪ್ಯೂಟರ್ ಲ್ಯಾಬ್ ಸಹಾಯಕ, ಸಿರುಗುಪ್ಪ

ಮೇಡಂ, ಮೊದಲನೆಯದಕ್ಕೆ ಉತ್ತರ: ಹಾಕಿಕೊಳ್ಳಬಹುದು, ಲಾಗಿನ್ ಆಗುವಾಗ ಯಾವ ಡೆಸ್ಕ್‌ಟಾಪ್ ಬೇಕೆಂದು ಆರಿಸಲೂ ಬರುತ್ತದೆ. ಆದರೆ ಎರಡರ ಫೈಲ್ ಮ್ಯಾನೇಜರ್, ಎರಡರ ಸೆಟ್ಟಿಂಗ್ ಕಿಟಕಿ, ಎರಡರ ಸಣ್ಣಪುಟ್ಟ ತಂತ್ರಾಂಶಗಳು ಒಂದೇ ಮೆನುವಿನಲ್ಲಿ ಸೇರಿಕೊಂಡು ಮನೆಯವರಿಗೆ ಗೊಂದಲವಾಗುತ್ತದೆ. ಬದಲಿಸುವುದೇ ಆದರೆ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಸಿನಮನ್ ಆವೃತ್ತಿಯನ್ನು ಹೊಸದಾಗಿ ಹಾಕಿ. ಮಿಂಟ್‌ನಲ್ಲಿ ನಕಲು ಇಡುವ ಟೈಮ್‌ಶಿಫ್ಟ್ ಇದೆಯಲ್ಲ ಎಂದು ನಂಬಿಕೊಂಡು ಕಡತಗಳ ನಕಲು ಬಿಡಬೇಡಿ. ಅದು ಮಾಮೂಲಾಗಿ ಉಳಿಸುವುದು ವ್ಯವಸ್ಥೆಯನ್ನು, ನಿಮ್ಮ ಪ್ರಶ್ನೆಪತ್ರಿಕೆಗಳನ್ನಲ್ಲ.

ಲ್ಯಾಬಿನ ವಿಷಯಕ್ಕೆ ಬಂದರೆ, ಮಕ್ಕಳನ್ನು ತಡೆಯುವುದಕ್ಕಿಂತ ಅವರು ಬದಲಿಸಿದ್ದು ಉಳಿಯದಂತೆ ಮಾಡುವುದು ಸುಲಭ. ಮಿಂಟ್‌ನ ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ಬಳಕೆದಾರರ ವಿಭಾಗಕ್ಕೆ ಹೋಗಿ ಗೆಸ್ಟ್ ಸೆಷನ್‌ಗೆ ಅನುಮತಿ ಕೊಡಿ. ಗೆಸ್ಟ್ ಆಗಿ ಕೂತ ವಿದ್ಯಾರ್ಥಿ ಏನೇ ಬದಲಿಸಿದರೂ ಲಾಗ್‌ಔಟ್ ಆದ ಕೂಡಲೇ ಅಳಿಸಿಹೋಗಿ, ಮುಂದಿನವರಿಗೆ ಹೊಸ ಪರದೆ ಸಿಗುತ್ತದೆ. ಅವರು ಬರೆದ ಪಾಠದ ಕಡತಗಳೂ ಅಳಿಯುತ್ತವೆ, ಆದ್ದರಿಂದ ಬೆಲ್ ಹೊಡೆಯುವ ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಹೇಳಿ. ಕೆಲಸ ಉಳಿಯಲೇಬೇಕಾದ ಹತ್ತನೆಯ ತರಗತಿಯವರಿಗೆ ಪ್ರತ್ಯೇಕ ಖಾತೆ ಮಾಡಿ, ಎಕ್ಸ್‌ಎಫ್‌ಸಿಇಯ ಪಟ್ಟಿಯನ್ನು ಮಾತ್ರ ಬೀಗ ಹಾಕಬಹುದು: ಪಟ್ಟಿಯ ಸೆಟ್ಟಿಂಗ್ ಕಡತದ ಆರಂಭದ ಸಾಲಿನಲ್ಲಿ ಅದನ್ನು ಬದಲಿಸುವ ಹಕ್ಕು ಆಡಳಿತಗಾರನಿಗೆ ಮಾತ್ರ ಎಂದು ಬರೆದಿಡುವ ಸೌಲಭ್ಯ ಎಕ್ಸ್‌ಎಫ್‌ಸಿಇಯಲ್ಲೇ ಇದೆ. ಒಂದು ಯಂತ್ರದಲ್ಲಿ ಕನ್ನಡ ಟೈಪಿಂಗ್, ಪ್ರಿಂಟರ್, ಪಟ್ಟಿ ಎಲ್ಲವನ್ನೂ ಹೊಂದಿಸಿ, ಗೆಸ್ಟ್ ಆಗಿ ಒಳಹೋದಾಗಲೂ ಐಬಸ್ ಬರುತ್ತದೆಯೇ ಎಂದು ಪರೀಕ್ಷಿಸಿ. ಅದಾದ ಮೇಲೆ ಉಳಿದ ಯಂತ್ರಗಳಿಗೆ ಕೈಹಾಕಿ.